ಗಣಕಯಂತ್ರದ ಮುಪ್ಪಿಗೆ ಹೊಣೆ ಯಾರು?

ಕೊಂಡ ಹೊಸತರಲ್ಲಿ ಗುಂಡಿ ಒತ್ತಿದೊಡನೆ ಎಚ್ಚೆತ್ತು ಅಪ್ಪಣೆಗೆ ಕಾದು ನಿಲ್ಲುತ್ತಿದ್ದ ಗಣಕಯಂತ್ರವು ನಾಲ್ಕಾರು ವರುಷ ಕಳೆಯುವಷ್ಟರಲ್ಲಿ ತೆವಳತೊಡಗುವುದನ್ನು ಕಂಡವರು, ಯಂತ್ರಕ್ಕೂ ಜರೆ ಬಂದಿತೆಂದು ನಿಟ್ಟುಸಿರಿಟ್ಟು ಹೊಸದೊಂದನ್ನು ಕೊಳ್ಳಲು ಹೊರಡುವುದುಂಟು. ಆದರೆ ಆಪರೇಟಿಂಗ್ ಸಿಸ್ಟಮ್ ಎಂಬುದು ಆದೇಶಗಳ ಸಮುಚ್ಚಯವೇ ಹೊರತು ಸವೆಯತಕ್ಕ ಲೋಹವಲ್ಲ. ಹಾಗಿರಲು ಈ ಮಾಂದ್ಯವು ಬಂದುದೆಲ್ಲಿಂದ?

ಒಂದಂಶ ಬಳಸುವವರಿಂದಲೇ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟ್‌ಅಪ್ ಪಟ್ಟಿಯ ಮೇಲೆ ಕಣ್ಣಾಡಿಸಿದರೆ, ಎಂದೋ ಮೂಲೆಗೆ ಸೇರಿದ ಪ್ರಿಂಟರಿನ ಪರಿಚಾರಕ, ತಿಂಗಳುಗಟ್ಟಲೆ ತೆರೆಯದ ಆಟದ ಅಪ್‌ಡೇಟರ್, ಒಂದು ಸಾಲದೆಂದು ಹಾಕಿಸಿಕೊಂಡ ಎರಡನೆಯ ಆಂಟಿವೈರಸ್, ಇವೆಲ್ಲ ಕರೆಯದೆ ಬಂದ ನೆಂಟರಂತೆ ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಿಸಿಕೊಂಡು ಕುಳಿತಿರುವುದು ಕಾಣುತ್ತದೆ. ರ್‍ಯಾಮ್ ಸಾಲದಾದಾಗ ವ್ಯವಸ್ಥೆಯು ಅದರೊಳಗಿನದನ್ನು ಅಷ್ಟಷ್ಟಾಗಿ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಅದು ನಿಮಿಷಕ್ಕೆ 5,400 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕಾದರೆ, ಹೆಡ್ಡು ತಟ್ಟೆಯ ಮೇಲೆ ಸರಿದು ಸ್ಥಳ ಹಿಡಿಯುವ ಒಂದೊಂದು ಸಲಕ್ಕೂ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟಾದರೂ ಹೊತ್ತು ವ್ಯಯವಾಗುತ್ತದೆ, ಮತ್ತು ಅಂಥ ಸಹಸ್ರ ಸರಿದಾಟಗಳು ಕೂಡಿದಾಗ ನಮಗೆ ಕಾಣುವುದು ಪರದೆಯ ನಡುವೆ ಸುಮ್ಮನೆ ಸುತ್ತುವ ವೃತ್ತವೊಂದೇ.

ಆದರೂ ಹಿರಿಯ ಪಾಲು ನಿರ್ಮಾಪಕರದೆಂದೇ ನನ್ನ ಮತ. ವಿಂಡೋಸ್ 95 ಕನಿಷ್ಠ 4 ಎಂಬಿ ರ್‍ಯಾಮಿನಲ್ಲಿ ನಡೆಯುತ್ತಿತ್ತು; 2001ರ ಎಕ್ಸ್‌ಪಿ 64 ಎಂಬಿ ಕೇಳಿತು; 2021ರ ವಿಂಡೋಸ್ 11 ಕೇಳುವುದು 4 ಜಿಬಿ, ಎಂದರೆ ಮೊದಲಿನದರ ಸಾವಿರ ಪಟ್ಟಿಗೂ ಮಿಗಿಲು. ನಾವು ಬರೆಯುವ ಪತ್ರಗಳೇನೂ ಸಾವಿರ ಪಟ್ಟು ಉದ್ದವಾಗಿಲ್ಲ! ಯಂತ್ರಾಂಶವು ಚುರುಕಾಗುವುದಕ್ಕಿಂತ ತ್ವರಿತವಾಗಿ ತಂತ್ರಾಂಶವು ಜಡವಾಗುತ್ತಿದೆಯೆಂದು ಪಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ತ್ 1995ರಲ್ಲಿಯೇ ಆಕ್ಷೇಪಿಸಿದ್ದರು.

ಎಲ್ಲ ಮಾಂದ್ಯವೂ ದೂಷ್ಯವೆನ್ನಲಾಗದು. 2018ರ ಜನವರಿಯಲ್ಲಿ ಪ್ರೊಸೆಸರುಗಳ ರಚನೆಯಲ್ಲಿಯೇ ಇದ್ದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳು ಬಯಲಾದಾಗ, ರಕ್ಷಣೆಗಾಗಿ ಒಂದಿಷ್ಟು ವೇಗವನ್ನು ತೆರಬೇಕಾಯಿತು. ಅದು ನ್ಯಾಯವಾದ ಬೆಲೆ. ಹಳೆಯ ಬ್ಯಾಟರಿಯ ಐಫೋನುಗಳು ಹಠಾತ್ತನೆ ಆರಿಹೋಗದಿರಲೆಂದು ಅವುಗಳ ವೇಗವನ್ನು ತಗ್ಗಿಸಿದ್ದಾಗಿ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತಷ್ಟೆ; ಅಲ್ಲಿಯೂ ಜನರನ್ನು ಕೆರಳಿಸಿದುದು ಬರಿಯ ನಿಧಾನವಲ್ಲ, ಮುಂಚಿತವಾಗಿ ತಿಳಿಸದೆ ಹೋದುದು.

ಆದುದರಿಂದ ಗ್ರಾಹಕನು ಕೇಳಬೇಕಾದುದು ಇಷ್ಟು: ಭದ್ರತೆಯ ತಿದ್ದುಪಡಿಗಳು ಬೇರೆಯಾಗಿರಲಿ, ಅಲಂಕಾರಗಳು ಬೇರೆಯಾಗಿರಲಿ, ಎರಡನೆಯದನ್ನು ಬೇಡವೆಂದವನಿಗೆ ಮೊದಲನೆಯದು ತಪ್ಪದಿರಲಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ನಿಂತಾಗ, ವಿಂಡೋಸ್ 11ರ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ಸುಸ್ಥಿತಿಯ ಯಂತ್ರಗಳೆಷ್ಟೋ ಹೊರಗುಳಿದುವು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಹಗುರವಾದ ಲಿನಕ್ಸ್ ಒಂದನ್ನು ಸ್ಥಾಪಿಸಿದರೆ ಅವುಗಳಲ್ಲಿ ಬಹುಪಾಲು ಇನ್ನೂ ಹಲವು ವರುಷ ದುಡಿದಾವು.