ಟಿಫನ್ ಡಬ್ಬಿಯ ತಂಬೂರಿ ಮಾರಾಟಕ್ಕಿಡಬೇಕಾ?

ಮೊನ್ನೆ ಭಾನುವಾರ ಗೆಳೆಯನೊಬ್ಬ ಮನೆಗೆ ಬಂದಿದ್ದ. ಕೈಯಲ್ಲೊಂದು ಸ್ಟೀಲ್ ಟಿಫನ್ ಡಬ್ಬಿ. ಏನೋ ತಿಂಡಿ ತಂದಿದಾನೆ ಅಂತ ಅಮ್ಮ ಮುಚ್ಚಳ ತೆಗೆದ್ರೆ ಒಳಗೆ ವೈರು, ಬೋರ್ಡು, ಅಂಗೈಯಗಲದ ಸ್ಪೀಕರು :-) ಸ್ವಿಚ್ ಒತ್ತಿದ. ಪ-ಸ-ಸ-ಸ... ಅಡುಗೆಮನೆಗೆ ವಾಪಸ್ ಹೊರಟಿದ್ದ ಅಮ್ಮ ಅಲ್ಲೇ ನಿಂತುಬಿಟ್ರು.

ಎರಡು ವರ್ಷದ ಶನಿವಾರ, ಭಾನುವಾರಗಳ ಕೆಲಸ ಅದು. ಎಸ್.ಪಿ. ರೋಡಿನಲ್ಲಿ ಸಿಗೋ ಮಾಮೂಲಿ ಬಿಡಿಭಾಗಗಳು. ತಂಬೂರಿಯ ಕುದುರೆ ಮೇಲೆ ತಂತಿಯಡಿ ಒಂದೆಳೆ ನೂಲು ಸಿಕ್ಕಿಸ್ತಾರಲ್ಲ, ಆಗ ತಂತಿ ಕುದುರೆಯನ್ನ ಸವರಿಕೊಂಡು ಝೇಂಕರಿಸುತ್ತೆ. ಇವನು ಹಿಡಿದಿರೋದು ಆ ಝೇಂಕಾರವನ್ನ. ರೆಕಾರ್ಡ್ ಮಾಡಿದ ಸದ್ದಲ್ಲ, ಚಿಪ್ಪೇ ಲೆಕ್ಕ ಹಾಕಿ ತಂತಿಯನ್ನ ಮಿಡಿಯುತ್ತೆ. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಅನ್ನೋ ಇಬ್ಬರು ಪ್ರಕಟಿಸಿದ ಉಪಾಯ ಅದರ ಬುಡದಲ್ಲಿದೆ. ಚೂರು ಗದ್ದಲವನ್ನ ಮೆಮೊರಿಯಲ್ಲಿ ತುಂಬಿ ಸುತ್ತಿಸ್ತಾ, ಪ್ರತಿ ಸುತ್ತಿಗೂ ಅಕ್ಕಪಕ್ಕದ ಎರಡರ ಸರಾಸರಿ ತೆಗೀತಾ ಹೋದ್ರೆ ಮೀಟಿದ ತಂತಿಯ ಸದ್ದು ಬರುತ್ತೆ. ಇಷ್ಟು ಸುಲಭದ ಲೆಕ್ಕದಿಂದ ಅಂಥ ನಾದ ಹುಟ್ಟುತ್ತೆ ಅಂದ್ರೆ ನಂಗೆ ಇವತ್ತಿಗೂ ನಂಬಿಕೆ ಬರಲ್ಲ.

ಇಲ್ಲೀತನಕ ಎಲ್ಲಾ ಚೆನ್ನಾಗಿತ್ತು. ಅವನ ಮಗಳಿಗೆ ಪಾಠ ಹೇಳಿಕೊಡೋ ಟೀಚರ್ ಇದನ್ನ ಕೇಳಿ, "ಐದೂವರೆ ಮನೆಗೆ ಇಟ್ಟು ನನಗೊಂದು ಕೊಡಪ್ಪ, ಶಿಷ್ಯರಿಗೂ ಒಂದು ಹತ್ತು ಮಾಡು" ಅಂದ್ರಂತೆ. ಅಷ್ಟೇ ಸಾಕಾಯ್ತು. ಈಗ ರಾಜೀನಾಮೆ ಕೊಟ್ಟು ಇದನ್ನೇ ಮಾಡ್ತೀನಿ ಅಂತಿದಾನೆ. ಮನೆ ಸಾಲ ಇನ್ನೂ ಹನ್ನೊಂದು ವರ್ಷ ಇದೆ. ಅವನ ಹೆಂಡತಿ ಫೋನ್ ಮಾಡಿ "ಅಣ್ಣ, ನೀವಾದ್ರೂ ಒಂದು ಮಾತು ಹೇಳಿ" ಅಂದ್ರು.

ಅವನ ವಾದ: "ಬೆಂಗಳೂರಿನ ರಾಜ್ ನಾರಾಯಣ್ ಮಾಡ್ಲಿಲ್ವಾ?" ನಿಜ. ಎಂಜಿನಿಯರು, ಕೊಳಲು ವಾದಕರು, 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ರು. ಅವರ ರಾಡೆಲ್ ಪೆಟ್ಟಿಗೆ ಕಾಣದ ಸಂಗೀತದ ಮನೆ ಕಡಿಮೆ. ಆದ್ರೆ ಆಗ ಅದಕ್ಕೆ ಎದುರಿದ್ದದ್ದು ಏನು? ಬಸ್ಸಲ್ಲಿ ಹೊತ್ತೊಯ್ಯೋಕಾಗದ ತಂಬೂರಿ, ಇಲ್ಲಾ ತಿದಿ ಒತ್ತೋ ಶ್ರುತಿಪೆಟ್ಟಿಗೆ. ಇವತ್ತು ಎದುರಿಗಿರೋದು ಎಲ್ಲರ ಜೇಬಲ್ಲಿರೋ ಫೋನು, ಅದರಲ್ಲಿ ಬಿಟ್ಟಿ ತಂಬೂರಿ. ಇವನ ಡಬ್ಬಿಯ ನಾದ ಅದಕ್ಕಿಂತ ಚೆಂದ, ಒಪ್ತೀನಿ. ಆದ್ರೆ ಆ ವ್ಯತ್ಯಾಸಕ್ಕೆ ಮೂರು ಸಾವಿರ ಕೊಡೋರು ಎಷ್ಟು ಜನ?

ಪೆನ್ನು ಹಿಡಿದು ಲೆಕ್ಕ ಹಾಕಿದ್ವಿ. ಬಿಡಿಭಾಗ, ಡಬ್ಬಿ, ಅಡಾಪ್ಟರ್ ಸೇರಿ 1400. ಮಾರೋ ಬೆಲೆ 3000. "ನೋಡು, 1600 ಲಾಭ!" ಅಂದ. ಅಂಗಡಿಯವನು ಮೂರರಲ್ಲಿ ಒಂದು ಪಾಲು ಕೇಳ್ತಾನೆ, ಅಲ್ಲಿಗೆ 1000 ಹೋಯ್ತು. ಪ್ಯಾಕಿಂಗು, ಕೊರಿಯರು 150. ಹತ್ತಕ್ಕೆ ಒಂದು ಕೆಟ್ಟು ವಾಪಸ್ ಬಂದ್ರೆ ತಲಾ 140. ಉಳಿದದ್ದು 310, ತೆರಿಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮನೆ ನಡೆಸೋಕೆ ಬೇಕಾದ ಅರವತ್ತು ಸಾವಿರ ಹುಟ್ಟಬೇಕಂದ್ರೆ ತಿಂಗಳಿಗೆ ಸುಮಾರು 200 ಡಬ್ಬಿ. ಭಾನುವಾರವೂ ಸೇರಿ ದಿನಕ್ಕೆ ಏಳು. ಎರಡು ವರ್ಷದಲ್ಲಿ ಪುಣ್ಯಾತ್ಮ ಮಾಡಿರೋದು ಮೂರು!

ಇನ್ನೊಂದು ಭಯ ಚಿಪ್ಪಿನದು. ಸ್ವೀಡನ್ನಿನ ಎಲೆಕ್ಟ್ರಾನ್‌ನವರು 1999ರಲ್ಲಿ ಸಿಡ್‌ಸ್ಟೇಷನ್ ಅಂತ ಒಂದು ಸಿಂಥಸೈಜರ್ ತಂದ್ರು. ಅದರ ಜೀವವೇ ಕಮೊಡೋರ್ 64 ಕಂಪ್ಯೂಟರಿನ ಸಿಡ್ ಚಿಪ್ಪು. ಕಮೊಡೋರ್ 1994ರಲ್ಲೇ ಮುಳುಗಿತ್ತು, ಹೊಸ ಚಿಪ್ಪು ಮಾಡೋರೇ ಇಲ್ಲ. ದಾಸ್ತಾನು ಮುಗೀತು, ಸಿಡ್‌ಸ್ಟೇಷನ್ನೂ ಮುಗೀತು. ಅವರು ಅಷ್ಟರಲ್ಲಿ ಬೇರೆ ಯಂತ್ರ ಮಾಡಿಕೊಂಡು ಬದುಕಿದ್ರು. ಇವನ ಹತ್ತಿರ ಇರೋದು ಇದೊಂದೇ.

ಹಾಗಂತ ಮಾರಲೇಬೇಡ ಅಂತ ನಾನು ಹೇಳಲಿಲ್ಲ. ಪ್ಯಾರಿಸ್ಸಿನ ಎಮಿಲಿ ಜಿಲೆ ಅವರ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಶುರುವಾಗಿದ್ದು ಬೆಸುಗೆ ಹಾಕಿಕೊಳ್ಳೋ ಒಂದು ಕಿಟ್‌ನಿಂದ. ಅದರ ಹೆಸರು ಏನು ಗೊತ್ತಾ? ಶ್ರುತಿ-1! (ಆಮೇಲೆ ಅಂಬಿಕಾ, ಅನುಶ್ರೀ ಕೂಡ ಬಂದ್ವು. ನಮ್ಮ ಬೀದಿ ಹುಡುಗೀರ ಹಾಜರಿ ಪುಸ್ತಕದ ಹಾಗೆ.) ಸರ್ಕ್ಯೂಟು, ಪ್ರೋಗ್ರಾಮು ಎಲ್ಲಾ ಬಯಲಿಗಿಟ್ಟಿದ್ರು. ನಕಲು ಮಾಡಿ, ನಮ್ಮ ಹೆಸರು ಮಾತ್ರ ಹಾಕಬೇಡಿ ಅನ್ನೋದು ಷರತ್ತು. 2022ರಲ್ಲಿ ಕಂಪನಿ ಮುಚ್ಚಿತು. ಆದ್ರೆ ಆ ವಿನ್ಯಾಸಗಳನ್ನ ಬೇರೆಯವರು ಇವತ್ತಿಗೂ ಮಾಡ್ತಿದಾರೆ. ನಂಗೆ ಹಿಡಿಸಿದ್ದು ಇದು. ಮಾಡಿದವರು ಕೈಬಿಟ್ರೂ ವಸ್ತು ಅನಾಥ ಆಗಲಿಲ್ಲ.

ಕಿಟ್ ದಾರಿ ನಮಗೆ ಪೂರ್ತಿ ಹೊಂದಲ್ಲ, ಅದೂ ನಿಜ. ಶ್ರುತಿ-1 ಕೊಂಡವರಿಗೆ ಬೆಸುಗೆ ಹಾಕೋದೇ ಅರ್ಧ ಖುಷಿ. ನಮ್ಮ ಪಾಠದ ಟೀಚರ್ ಕೈಗೆ ಬೆಸುಗೆ ಕಡ್ಡಿ ಕೊಡೋಕಾಗುತ್ತಾ? ಹಾಗಾಗಿ ನಾನು ಹೇಳಿದ್ದು: ಕೆಲಸ ಬಿಡಬೇಡ. ಇಪ್ಪತ್ತು ಮಾಡು, ಅಂಗಡಿ ಬೇಡ, ಅರ್ಧ ದುಡ್ಡು ಮುಂಗಡ ತಗೊಂಡು ನೇರವಾಗಿ ಕೊಡು. ಸರ್ಕ್ಯೂಟನ್ನ ಮುಚ್ಚಳದ ಒಳಗೇ ಅಂಟಿಸು. ನೀನು ಊರಲ್ಲಿಲ್ಲದಾಗ ಕೆಟ್ಟರೆ ಮೂಲೆ ಅಂಗಡಿಯ ರೇಡಿಯೋ ರಿಪೇರಿಯವನಾದ್ರೂ ಸರಿಮಾಡಲಿ. ಒಂದು ವರ್ಷದಲ್ಲಿ ಇಪ್ಪತ್ತರಲ್ಲಿ ಎಷ್ಟು ವಾಪಸ್ ಬರ್ತವೆ ನೋಡಿ ಆಮೇಲೆ ರಾಜೀನಾಮೆ ಮಾತು.

ಮುಖ ಸಪ್ಪಗೆ ಮಾಡ್ಕೊಂಡ. "ಸರ್ಕ್ಯೂಟ್ ಕೊಟ್ರೆ ಕದೀತಾರೆ" ಅಂದ. ಕದಿಯೋಷ್ಟು ಬೇಡಿಕೆ ಬಂದ್ರೆ ಅವತ್ತು ನಾನೇ ಹೋಳಿಗೆ ಊಟ ಹಾಕಿಸ್ತೀನಿ ಅಂದೆ. ನಗಲಿಲ್ಲ. ಟಿಫನ್ ಡಬ್ಬಿ ನಮ್ಮನೇಲೇ ಬಿಟ್ಟು ಹೋಗಿದಾನೆ, ಅಮ್ಮ ಬೆಳಗ್ಗೆ ದೇವರ ಮುಂದೆ ಹಚ್ಚಿಡ್ತಾರೆ.

ನಿಮ್ಮಲ್ಲಿ ಯಾರಾದ್ರೂ ಹೀಗೆ ಕೈಯಾರೆ ಮಾಡಿದ್ದನ್ನ ಮಾರಿ ನೋಡಿದ್ರೆ ಕಾಮೆಂಟಲ್ಲಿ ಬರೀರಿ. ಬೈದ್ರೂ ಪರವಾಗಿಲ್ಲ, ಅವನಿಗೆ ಓದಿಸ್ತೀನಿ.