ಕಾರ್ಖಾನೆಯ ನಕ್ಷೆಯಲ್ಲಿ ಕಾರ್ಮಿಕನಿಗೂ ಸ್ಥಳವಿರಲಿ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕ ಭಾಗವು 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಕೆ.ಜಿ.ಎಫ್.ನಲ್ಲಿ ಬೆಮೆಲ್ ಸಂಸ್ಥೆ ಬಳಸದೆ ಉಳಿದಿದ್ದ 900ಕ್ಕೂ ಹೆಚ್ಚು ಎಕರೆ ಜಮೀನಿನಲ್ಲಿ ಕೈಗಾರಿಕಾ ಪ್ರದೇಶ ನಿರ್ಮಿಸುವ ಪ್ರಸ್ತಾವವು ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಇಂತಹ ಸಂದರ್ಭದಲ್ಲಿ ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಭಾಗದ ಸಣ್ಣ ಉತ್ಪಾದಕರು ಹೊಸ ಶೆಡ್ಡು, ಹೊಸ ಯಂತ್ರ, ಹೊಸ ವಿನ್ಯಾಸಗಳ ಬಗ್ಗೆ ಆಲೋಚಿಸುವುದು ಸಹಜ. ಅವರ ಬಾಗಿಲಿಗೆ ಈಗ ತಂತ್ರಾಂಶ ಮಾರಾಟಗಾರರೂ ಬರುತ್ತಿದ್ದಾರೆ. ಗಣಕಯಂತ್ರದ ಪರದೆಯ ಮೇಲೆ ಇಡೀ ಕಾರ್ಖಾನೆಯನ್ನು ಮೊದಲೇ ಕಟ್ಟಿ ತೋರಿಸುತ್ತೇವೆ, ಯಾವ ಯಂತ್ರ ಎಲ್ಲಿರಬೇಕೆಂಬುದನ್ನು ಕೃತಕ ಬುದ್ಧಿಮತ್ತೆಯೇ ಹೇಳುತ್ತದೆ ಎಂಬುದು ಅವರ ಮಾತು.

ಇಂತಹ ಪ್ರಸ್ತಾವವನ್ನು ಹಿಡಿದು ಲೆಕ್ಕ ಪರಿಶೋಧಕರ ಕಚೇರಿಗೆ ಬರುವ ಉದ್ಯಮಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಇದನ್ನು ಹಾಕಿಸಿದರೆ ಎಷ್ಟು ಜನ ಕಡಿಮೆಯಾಗುತ್ತಾರೆ ಸಾರ್?” ಈ ಪ್ರಶ್ನೆಯಿಂದಲೇ ಯೋಜನೆ ದಾರಿ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ತಂತ್ರಾಂಶವು ತನಗೆ ಕೊಟ್ಟ ಲೆಕ್ಕವನ್ನು ಮಾತ್ರ ಬಿಡಿಸುತ್ತದೆ. ಲೆಕ್ಕದಲ್ಲಿ ಮನುಷ್ಯನ ಶ್ರಮವನ್ನು ಸೇರಿಸದಿದ್ದರೆ ಉತ್ತರದಲ್ಲಿಯೂ ಅದು ಬರುವುದಿಲ್ಲ. ಆ ನಷ್ಟವನ್ನು ಕೊನೆಗೆ ಭರಿಸುವವರು ಮಾಲೀಕರೇ.

ಈ ಉಪಕರಣಗಳು ಮಾಡುವ ಕೆಲಸ

ಮೊದಲಿಗೆ ಇವುಗಳ ಸ್ವರೂಪವನ್ನು ತಿಳಿದುಕೊಳ್ಳುವುದು ಒಳಿತು. ಕೆಲವು ತಂತ್ರಾಂಶಗಳು ಶೆಡ್ಡಿನ ಅಳತೆ, ಯಂತ್ರಗಳ ವೇಗ ಮತ್ತು ಸರಕಿನ ಚಲನೆಯನ್ನು ತೆಗೆದುಕೊಂಡು ಒಂದು ತಿಂಗಳ ಉತ್ಪಾದನೆಯನ್ನು ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ನಡೆಸಿ ತೋರಿಸುತ್ತವೆ. ಎಲ್ಲಿ ಸರಕು ರಾಶಿ ಬೀಳುತ್ತದೆ, ಯಾವ ಯಂತ್ರ ಖಾಲಿ ನಿಲ್ಲುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಇನ್ನು ಕೆಲವು, ಮನುಷ್ಯನ ಡಿಜಿಟಲ್ ಪ್ರತಿಕೃತಿಯನ್ನು ಆ ಶೆಡ್ಡಿನಲ್ಲಿ ನಿಲ್ಲಿಸಿ, ಅವನ ಕೈ ಎಷ್ಟು ದೂರ ಚಾಚಬೇಕು, ಬೆನ್ನು ಎಷ್ಟು ಬಾಗಬೇಕು ಎಂದು ಅಳೆಯುತ್ತವೆ. ಮೂರನೆಯ ಬಗೆಯವು ಮೊಬೈಲ್ ಫೋನಿನಲ್ಲಿ ತೆಗೆದ ವಿಡಿಯೋವನ್ನು ಕೃತಕ ಬುದ್ಧಿಮತ್ತೆಯಿಂದ ಪರಿಶೀಲಿಸಿ, ಕೆಲಸಗಾರನ ಕುತ್ತಿಗೆ, ಸೊಂಟ ಮತ್ತು ಮೊಣಕಾಲುಗಳ ಮೇಲೆ ಬೀಳುವ ಒತ್ತಡಕ್ಕೆ ಅಂಕ ನೀಡುತ್ತವೆ.

ಈ ಅಂಕಗಳ ಹಿಂದಿರುವ ವಿಧಾನಗಳು ಹೊಸವಲ್ಲ. ದೇಹದ ಭಂಗಿಗೆ ಅಂಕ ನೀಡುವ ‘ರುಲಾ’ ವಿಧಾನವನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು 1993ರಲ್ಲಿಯೇ ಪ್ರಕಟಿಸಿದರು. ಅದಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಪೆನ್ಸಿಲ್ ಮಾತ್ರ. ಭಾರ ಎತ್ತುವುದರ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲ ಅನುಕೂಲಗಳೂ ಇರುವಾಗಲೂ ಶಿಫಾರಸು ಮಾಡಿದ ಗರಿಷ್ಠ ಮಿತಿ 23 ಕಿಲೋಗ್ರಾಂ. ನಮ್ಮ ಗೋದಾಮುಗಳಲ್ಲಿ ಒಬ್ಬನೇ ಹಮಾಲಿ ಹೊರುವ ಸಿಮೆಂಟಿನ ಚೀಲ 50 ಕಿಲೋಗ್ರಾಂ ಎಂಬುದನ್ನು ಇಲ್ಲಿ ನೆನೆಯಬೇಕು. ಯೂರೋಪಿಯನ್ ಆಯೋಗವು 2021ರಲ್ಲಿ ‘ಇಂಡಸ್ಟ್ರಿ 5.0’ ಎಂಬ ಹೆಸರಿನಲ್ಲಿ ಮನುಷ್ಯ ಕೇಂದ್ರಿತ ಕೈಗಾರಿಕೆಯ ವಿಚಾರವನ್ನು ಮುಂದಿಟ್ಟಾಗ ಕೇಳಿದ್ದೂ ಇದನ್ನೇ: ತಂತ್ರಜ್ಞಾನಕ್ಕೆ ಕಾರ್ಮಿಕ ಹೊಂದಿಕೊಳ್ಳಬೇಕೇ, ಕಾರ್ಮಿಕನಿಗೆ ತಂತ್ರಜ್ಞಾನ ಹೊಂದಿಕೊಳ್ಳಬೇಕೇ?

ಚಿನ್ನದ ಗಣಿ ಕಲಿಸಿದ ಪಾಠ

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಹೊಸ ತಂತ್ರಜ್ಞಾನದ ವಿಷಯದಲ್ಲಿ ಕೆ.ಜಿ.ಎಫ್. ಎಂದೂ ಹಿಂದೆ ಬಿದ್ದಿರಲಿಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ವಿದ್ಯುಚ್ಛಕ್ತಿ ಈ ಗಣಿಗಳಿಗೆ ಬಂತು. ಬೆಂಗಳೂರು ನಗರಕ್ಕಿಂತಲೂ ಮೊದಲು ಬಂತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದುದರಿಂದ ತಂಪುಗೊಳಿಸಿದ ಗಾಳಿಯನ್ನು ಒಳಕ್ಕೆ ಕಳುಹಿಸಬೇಕಾಗಿತ್ತು. ಒತ್ತಡದಿಂದ ಬಂಡೆ ಸಿಡಿಯುವ ಅಪಾಯವನ್ನು ಅರಿಯಲು 1978ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಸಹಯೋಗದಿಂದ ಭೂಕಂಪನ ಮಾಪಕಗಳ ಜಾಲವನ್ನು ಸ್ಥಾಪಿಸಲಾಯಿತು. ಬಂಡೆ ಎಲ್ಲಿ ಸಿಡಿಯುತ್ತಿದೆ, ಮನುಷ್ಯ ಎಲ್ಲಿ ನಿಲ್ಲಬಾರದು ಎಂಬುದನ್ನು ಅರಿಯಲು ನೆರವಾಗುವ ಉಪಕರಣವದು. ಮನುಷ್ಯ ಕೇಂದ್ರಿತ ಯೋಜನೆ ಎಂದರೆ ಏನೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆದರೆ ಇದೇ ಗಣಿಗಳಲ್ಲಿ ಕಲ್ಲಿನ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗವನ್ನು ತಂದಿತು. 1940ರ ದಶಕದ ತಪಾಸಣೆಗಳಲ್ಲಿ ಸಾವಿರಾರು ಕಾರ್ಮಿಕರಲ್ಲಿ ಅದು ಕಂಡುಬಂದಿತು. ಚಿನ್ನದ ಔನ್ಸಿನ ಲೆಕ್ಕ 1880ರ ದಶಕದಿಂದಲೇ ಇತ್ತು. ಶ್ವಾಸಕೋಶದ ಲೆಕ್ಕ ದಶಕಗಳ ನಂತರ ಬಂತು. ಅಳೆದದ್ದಕ್ಕೆ ಯೋಜನೆಯಲ್ಲಿ ಸ್ಥಾನ ಸಿಕ್ಕಿತು, ಅಳೆಯದೆ ಬಿಟ್ಟದ್ದನ್ನು ಕಾರ್ಮಿಕನ ಮನೆಯವರು ಅನುಭವಿಸಿದರು.

ನರಸಾಪುರದ ಪ್ರಕರಣ

ಇದು ಹಳೆಯ ಕಾಲದ ಮಾತಾಯಿತು ಎನ್ನುವವರು ನಮ್ಮ ಜಿಲ್ಲೆಯದೇ ಆದ ನರಸಾಪುರದ ಕಡೆಗೆ ನೋಡಬಹುದು. ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ಹಿಂಸಾಚಾರ ದೇಶ ವಿದೇಶಗಳ ಸುದ್ದಿಯಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ರಾಜ್ಯದ ಅಧಿಕಾರಿಗಳ ಪರಿಶೀಲನೆಯಲ್ಲಿ ಕಂಡುಬಂದ ಸಂಗತಿಗಳನ್ನು ಪ್ರತಿಯೊಬ್ಬ ಉದ್ಯಮಿಯೂ ಗಮನಿಸಬೇಕು. ಅಲ್ಪ ಅವಧಿಯಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಪಾಳಿಯ ಅವಧಿಯನ್ನು 8 ಗಂಟೆಯಿಂದ 12 ಗಂಟೆಗೆ ಹೆಚ್ಚಿಸಲಾಗಿತ್ತು. ಹಾಜರಾತಿಯ ದಾಖಲೆಯಲ್ಲಿ ದೋಷಗಳಿದ್ದವು, ಅದನ್ನು ನಿಭಾಯಿಸಬೇಕಾದ ಸಿಬ್ಬಂದಿ ವಿಭಾಗ ಸಾಕಷ್ಟು ಬೆಳೆದಿರಲಿಲ್ಲ. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ತಲುಪಿಲ್ಲವೆಂದು ಕಂಪನಿಯೇ ಒಪ್ಪಿಕೊಂಡು ಕ್ಷಮೆ ಯಾಚಿಸಿತು. ಆ ಕಾರ್ಖಾನೆಯ ಒಡೆತನ 2023ರಲ್ಲಿ ಟಾಟಾ ಸಮೂಹಕ್ಕೆ ಹೋಯಿತು.

ಜಗತ್ತಿನ ಅತ್ಯಂತ ಸೂಕ್ಷ್ಮ ಉಪಕರಣಗಳನ್ನು ಜೋಡಿಸುವ ಸ್ಥಳದಲ್ಲಿ ಮನುಷ್ಯನು ಎಷ್ಟು ಗಂಟೆ ದುಡಿದ ಎಂಬ ಸರಳ ಲೆಕ್ಕ ತಪ್ಪಿತ್ತು. ತಂತ್ರಾಂಶದ ದೋಷವನ್ನು ಹೇಳಿಕೊಳ್ಳಲು ಕಾರ್ಮಿಕನಿಗೆ ಒಂದು ಬಾಗಿಲು, ಕೇಳಿಸಿಕೊಳ್ಳಲು ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕಾದದ್ದು ಯೋಜನೆಯ ಭಾಗವೇ ಆಗಿದೆ.

ಲೆಕ್ಕಪತ್ರದಲ್ಲಿ ಕಾಣದ ಖರ್ಚು

ಈಗ ನನ್ನ ವೃತ್ತಿಯ ಮಾತಿಗೆ ಬರುತ್ತೇನೆ. ಲೆಕ್ಕ ಮಾನದಂಡ 26ರ ಪ್ರಕಾರ ಖರೀದಿಸಿದ ತಂತ್ರಾಂಶವನ್ನು ಆಸ್ತಿಯೆಂದು ತೋರಿಸಬಹುದು. ಅದನ್ನು ಬಳಸಲು ಕೆಲಸಗಾರರಿಗೆ ನೀಡುವ ತರಬೇತಿಯು ಮಾತ್ರ ಆಯಾ ವರ್ಷದ ಖರ್ಚು. ಕೆಲಸಗಾರನ ಕೌಶಲ್ಯವನ್ನು ಆಸ್ತಿಯೆಂದು ತೋರಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ಮಾನದಂಡಕ್ಕೆ ಅದರದೇ ಆದ ಕಾರಣಗಳಿವೆ. ಆದರೆ ಪರಿಣಾಮವೇನು? ಆಢಾವೆ ಪತ್ರಿಕೆಯಲ್ಲಿ ಯಂತ್ರ ಮತ್ತು ತಂತ್ರಾಂಶ ಆಸ್ತಿಯಾಗಿ ಹೊಳೆಯುತ್ತವೆ, ಮನುಷ್ಯ ಖರ್ಚಿನ ಬದಿಯಲ್ಲಿ ಮಾತ್ರ ಕಾಣಿಸುತ್ತಾನೆ. ಹಣ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳುವುದು ತರಬೇತಿಗೆ. ಬೆನ್ನುನೋವಿನಿಂದ ತಪ್ಪಿದ ಹಾಜರಿ, ಕೆಲಸ ಬಿಟ್ಟ ಅನುಭವಿ ಫಿಟ್ಟರ್, ಆಯಾಸದಿಂದ ಕೆಟ್ಟ ಸರಕು ಇವುಗಳಿಗೆ ಪ್ರತ್ಯೇಕ ಖಾತೆಯೇ ಇಲ್ಲ. ಇವೆಲ್ಲ ಬೇರೆ ಬೇರೆ ತಲೆಬರಹಗಳ ಕೆಳಗೆ ಅಡಗಿ ಕುಳಿತಿರುತ್ತವೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಆರು ಜನ ದುಡಿಯುವ ಒಂದು ಫ್ಯಾಬ್ರಿಕೇಷನ್ ಘಟಕದಲ್ಲಿ ಉಪಕರಣ ಮತ್ತು ಸಾಮಗ್ರಿ ತರಲು ಪ್ರತಿಯೊಬ್ಬನೂ ದಿನಕ್ಕೆ 25 ನಿಮಿಷ ಅನವಶ್ಯಕವಾಗಿ ನಡೆಯುತ್ತಾನೆಂದು ಇಟ್ಟುಕೊಳ್ಳಿ. ಆರು ಜನರಿಗೆ ದಿನಕ್ಕೆ ಎರಡೂವರೆ ಗಂಟೆ, 300 ದಿನಗಳಿಗೆ 750 ಗಂಟೆ. ಗಂಟೆಗೆ 100 ರೂಪಾಯಿ ವೆಚ್ಚವೆಂದರೆ 75,000 ರೂಪಾಯಿ. ಅಷ್ಟೇ ಗಂಟೆಗಳನ್ನು ಓವರ್‌ಟೈಮ್ ಮೂಲಕ ತುಂಬಿಸಿದರೆ ಇಮ್ಮಡಿ ದರದಲ್ಲಿ ಒಂದೂವರೆ ಲಕ್ಷ. ಒಬ್ಬ ಕೆಲಸಗಾರನ ವರ್ಷದ ದುಡಿಮೆ 2,400 ಗಂಟೆ. 750 ಗಂಟೆ ಉಳಿಸಿದರೆ ಮೂರನೆಯ ಒಂದು ಭಾಗದಷ್ಟು ಮನುಷ್ಯನೂ ಕಡಿಮೆಯಾಗುವುದಿಲ್ಲ. “ಎಷ್ಟು ಜನ ಕಡಿಮೆ?” ಎಂದು ಕೇಳುವವರಿಗೆ ಇಲ್ಲಿ ಲಾಭವೇ ಕಾಣದು. “ಎಷ್ಟು ಓವರ್‌ಟೈಮ್, ಎಷ್ಟು ಆಯಾಸ ಕಡಿಮೆ?” ಎಂದು ಕೇಳುವವರಿಗೆ ಒಂದೂವರೆ ಲಕ್ಷ ಕಾಣುತ್ತದೆ. ಉಪಕರಣಗಳ ಕಪಾಟನ್ನು ಶೆಡ್ಡಿನ ಮಧ್ಯಕ್ಕೆ ತಂದರೆ ಇದರ ಬಹುಪಾಲು ಉಳಿಯಬಹುದು.

ತಂತ್ರಾಂಶವನ್ನು ನಂಬುವ ಮೊದಲು

ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಪರದೆಯ ಮೇಲಿನ ಮನುಷ್ಯ ಯಾವ ದೇಶದವನು ಎಂಬುದು. ವಿದೇಶಿ ದೇಹದ ಅಳತೆಗೆ ರೂಪಿಸಿದ ಮೇಜು ನಮ್ಮ ಹೆಣ್ಣುಮಕ್ಕಳಿಗೆ ಎತ್ತರವಾದೀತು. ಭಾರತೀಯರ ದೇಹದ ಅಳತೆಗಳನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1997ರಲ್ಲಿಯೇ ಗ್ರಂಥ ರೂಪದಲ್ಲಿ ಪ್ರಕಟಿಸಿದೆ. ಮಾರಾಟಗಾರರು ಯಾವ ಅಳತೆ ಬಳಸಿದ್ದಾರೆಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ಎರಡನೆಯದು, ಕ್ಯಾಮೆರಾದ ಉದ್ದೇಶ. ಭಂಗಿಯನ್ನು ಅಳೆಯಲು ಇಟ್ಟ ಕ್ಯಾಮೆರಾ ಯಾರು ಎಷ್ಟು ಹೊತ್ತು ಚಹಾ ಕುಡಿದರೆಂದು ಲೆಕ್ಕ ಹಾಕತೊಡಗಿದರೆ, ಮರುದಿನದಿಂದ ಎಲ್ಲರೂ ಕ್ಯಾಮೆರಾಕ್ಕಾಗಿ ಕೆಲಸ ಮಾಡುತ್ತಾರೆ, ಅಂಕಿಅಂಶವೂ ಸುಳ್ಳಾಗುತ್ತದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಅದೇ ತಿಂಗಳ 21ರಂದು ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೂ ಸೇರಿದಂತೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವಿಡಿಯೋ ತೆಗೆಯುವ ಮೊದಲು ಕಾರಣವನ್ನು ಕೆಲಸಗಾರರಿಗೆ ತಿಳಿಸಿ, ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಕ್ಷೆಯನ್ನು ಅಂತಿಮಗೊಳಿಸುವ ಮೊದಲು ಅದರ ಮುಂದೆ ಕೆಲಸಗಾರರನ್ನು ಕೂರಿಸಬೇಕು. ಮಧ್ಯಾಹ್ನದ ಬಿಸಿಲು ಯಾವ ಕಿಟಕಿಯಿಂದ ಕಣ್ಣಿಗೆ ಬೀಳುತ್ತದೆ, ಮಳೆಗಾಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಯಾವ ಹಿಡಿಕೆ ಅಂಗೈ ಸುಡುತ್ತದೆ ಎಂಬುದು ಯಾವ ದತ್ತಾಂಶದಲ್ಲಿಯೂ ಇರುವುದಿಲ್ಲ. ಹತ್ತು ವರ್ಷ ಅದೇ ಯಂತ್ರದ ಮುಂದೆ ನಿಂತವನಿಗೆ ಅದು ಗೊತ್ತು.

ಸಣ್ಣ ಘಟಕಗಳಿಗೆ ಇದು ಸಾಧ್ಯವೇ?

ದೊಡ್ಡ ಕಂಪನಿಗಳ ತಂತ್ರಾಂಶ ನಮಗೇಕೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ ಎಂದು ಸದಸ್ಯರು ಕೇಳಬಹುದು. ಮಾತು ಸರಿಯಾದದ್ದೇ. ಆದ್ದರಿಂದ ಮೊದಲ ಹೆಜ್ಜೆ ಕಾಗದದ ಮೇಲೆ ಇರಲಿ. ಒಂದು ವಾರ ಪ್ರತಿಯೊಬ್ಬ ಕೆಲಸಗಾರನ ನಡಿಗೆಯನ್ನು ಶೆಡ್ಡಿನ ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಿ. ಅತಿ ಭಾರದ ಐದು ಕೆಲಸಗಳನ್ನು ಪಟ್ಟಿ ಮಾಡಿ. ಗೈರುಹಾಜರಿ, ಗಾಯ, ಮರುಕೆಲಸ ಮತ್ತು ಕೆಲಸ ಬಿಟ್ಟವರ ವೆಚ್ಚಕ್ಕೆ ಒಂದು ಪ್ರತ್ಯೇಕ ಹಾಳೆ ಇಡಿ. ಇಷ್ಟಾದ ಮೇಲೆ ತಂತ್ರಾಂಶಕ್ಕೆ ಯಾವ ಪ್ರಶ್ನೆ ಕೇಳಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಸಲಹೆಗಾರರ ಶುಲ್ಕಕ್ಕೂ ದಾರಿಯಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಎಂ.ಎಸ್.ಎಂ.ಇ. ಲೀನ್ ಯೋಜನೆಯು ಇಂತಹ ಸುಧಾರಣೆಗಳ ಮಾರ್ಗದರ್ಶನ ವೆಚ್ಚದ ಶೇಕಡಾ 90ರಷ್ಟನ್ನು ಭರಿಸುವಂತೆ ರೂಪಿತವಾಗಿದೆ. ಕೆಲವು ಘಟಕಗಳು ಒಟ್ಟಾಗಿ ಒಬ್ಬ ಸಲಹೆಗಾರರನ್ನು, ಒಂದು ತಂತ್ರಾಂಶದ ಪರವಾನಗಿಯನ್ನು ಹಂಚಿಕೊಳ್ಳುವಂತೆ ನಮ್ಮ ಸಂಸ್ಥೆಯು ವ್ಯವಸ್ಥೆ ಮಾಡಬಹುದೇ ಎಂಬುದನ್ನು ಪದಾಧಿಕಾರಿಗಳು ಪರಿಶೀಲಿಸಬೇಕೆಂದು ಕೋರುತ್ತೇನೆ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗಿನಿಂದ ನಮ್ಮ ಭಾಗದ ಮುಖ್ಯ ರಫ್ತು ದುಡಿಯುವ ಕೈಗಳೇ ಆಗಿವೆ. ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ಬೆಳಗಿನ ರೈಲುಗಳಲ್ಲಿ ನಿಂತುಕೊಂಡು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಯುವಕ ಯುವತಿಯರಲ್ಲಿ ನುರಿತ ವೆಲ್ಡರುಗಳೂ ಟರ್ನರುಗಳೂ ಇದ್ದಾರೆ. ಬೆಂಗಳೂರಿನ ಸಂಬಳವನ್ನು ಇಲ್ಲಿನ ಸಣ್ಣ ಘಟಕ ಕೊಡಲಾರದು. ದಿನಕ್ಕೆ ಉಳಿಯುವ ಪ್ರಯಾಣದ ಗಂಟೆಗಳು, ಬೆನ್ನು ನೋಯಿಸದ ಮೇಜು, ಗಾಳಿ ಬೆಳಕಿರುವ ಶೆಡ್ಡು, ತಪ್ಪಿಲ್ಲದ ಹಾಜರಿ ಇವನ್ನು ಕೊಡಬಲ್ಲದು. ಹೊಸ ಶೆಡ್ಡಿನ ನಕ್ಷೆ ಇನ್ನೂ ಕಾಗದದ ಮೇಲಿರುವಾಗ ಇವುಗಳಿಗೆ ತಗಲುವ ವೆಚ್ಚ ಅಲ್ಪ. ಕಾಂಕ್ರೀಟು ಬಿದ್ದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕಾದೀತು. ಸದಸ್ಯ ಬಾಂಧವರು ತಂತ್ರಾಂಶದ ಕೊಟೇಷನ್ ಕೈಗೆ ತೆಗೆದುಕೊಂಡಾಗ ತಲೆಗಳನ್ನು ಎಣಿಸುವ ಮೊದಲು ಈ ವೆಚ್ಚಗಳ ಹಾಳೆಯನ್ನು ಅದರ ಪಕ್ಕದಲ್ಲಿ ಇಟ್ಟುಕೊಳ್ಳಲಿ ಎಂಬುದಷ್ಟೇ ನನ್ನ ವಿನಂತಿ.