ಎಲ್ಲ ಹೊಟ್ಟೆನೋವೂ ‘ಗ್ಯಾಸ್’ ಅಲ್ಲ

ಬೆಂಗಳೂರಿನ ಶ್ರೀಗಂಧದ ಕಾವಲ್‌ನಿಂದ ಸೋದರಿಯೊಬ್ಬರು ಕೇಳಿದ್ದಾರೆ: “ನನಗೆ 42 ವರ್ಷ, ಮೂವರು ಮಕ್ಕಳು. ಪೂರಿ, ವಡೆ ತಿಂದ ರಾತ್ರಿ ಬಲಪಕ್ಕೆಯ ಕೆಳಗೆ ಹಿಂಡಿದ ಹಾಗೆ ನೋವು, ಬೆನ್ನಿಗೂ ಹತ್ತುತ್ತದೆ. ಗ್ಯಾಸ್ ಅಂತ ಸೋಡಾ, ಓಮದ ನೀರು ಕುಡಿದೆ. ಈಗ ಕಣ್ಣು ಹಳದಿಯಾಗಿದೆ. ಅತ್ತೆಯವರು ಕಾಮಾಲೆಗೆ ನಾಟಿ ಔಷಧಿ ತಗೊಂಡು ಪಥ್ಯ ಮಾಡು ಅನ್ನುತ್ತಾರೆ. ಏನು ಮಾಡಲಿ?”

ಕೂಡಲೇ ಆಸ್ಪತ್ರೆಗೆ ಹೋಗಿ ಎಂದು ಇವರಿಗೆ ಬೇರೆಯಾಗಿ ಉತ್ತರ ಕಳಿಸಿದ್ದಾಯಿತು. ಉಳಿದ ಸೋದರಿಯರಿಗೂ ತಿಳಿದಿರಲಿ ಎಂದು ಇಲ್ಲಿ ವಿವರಿಸುತ್ತೇನೆ.

ಅತ್ತೆಯವರ ಕಾಳಜಿ ದೊಡ್ಡದೇ. ಆದರೆ ಕಾಮಾಲೆ ಎಂಬುದು ರೋಗವಲ್ಲ, ರೋಗದ ಗುರುತು. ಕೆಟ್ಟ ನೀರಿನಿಂದ ಹರಡುವ ಕಾಮಾಲೆ ಬಹಳ ಮಂದಿಗೆ ವಿಶ್ರಾಂತಿಯಿಂದಲೇ ಇಳಿಯುತ್ತದೆ. ಹೆಸರು ಮಾತ್ರ ಔಷಧಿ ಕೊಟ್ಟವರಿಗೆ! ಕಲ್ಲು ಅಡ್ಡಬಂದು ಆದ ಕಾಮಾಲೆ ಯಾವ ಸೊಪ್ಪಿನ ರಸಕ್ಕೂ ಬಗ್ಗುವುದಿಲ್ಲ.

ಲಿವರ್ ತಯಾರಿಸುವ ಪಿತ್ತರಸ ಅದರ ಕೆಳಗಿನ ಪುಟ್ಟ ಚೀಲದಲ್ಲಿ, ಅಂದರೆ ಪಿತ್ತಕೋಶದಲ್ಲಿ, ಕೂಡಿರುತ್ತದೆ. ಎಣ್ಣೆ, ತುಪ್ಪದ ಊಟವಾದಾಗ ಚೀಲ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ. ಒಳಗೆ ಕಲ್ಲು ಕಟ್ಟಿದ್ದು ಬಾಯಿಗೆ ಅಡ್ಡ ಬಂದರೆ ನೋವು. ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ. ನಾಳದ ತುದಿಯಲ್ಲಿ ನಿಂತರೆ ಪಕ್ಕದ ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದು. ಅದು ಪ್ರಾಣಕ್ಕೇ ಕುತ್ತು.

ಇದು ಗಂಡಸರಿಗಿಂತ ನಮ್ಮಲ್ಲೇ ಹೆಚ್ಚು. ಬಸಿರು, ಮೈತೂಕ, ವಯಸ್ಸು, ಮನೆತನ ಇವೆಲ್ಲ ಕಾರಣ. ಊಟ ಬಿಟ್ಟು ಅವಸರದಲ್ಲಿ ತೂಕ ಇಳಿಸಿದರೂ ಕಲ್ಲು ಕಟ್ಟೀತು.

ಇವು ಕಂಡರೆ ತಡಮಾಡಬೇಡಿ:
1. ಗಂಟೆಗಟ್ಟಲೆ ಬಿಡದ ನೋವು, ವಾಂತಿ.
2. ಚಳಿಜ್ವರ.
3. ಕಣ್ಣು ಹಳದಿ, ಕಪ್ಪು ಚಹಾದಂಥ ಮೂತ್ರ, ಬಿಳಿಚಿದ ಮಲ, ಮೈ ತುರಿಕೆ.

ಬರಿಹೊಟ್ಟೆಯಲ್ಲಿ ಮಾಡುವ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಸಾಮಾನ್ಯವಾಗಿ ಕಾಣುತ್ತದೆ. ನೋವೂ ಇಲ್ಲ, ಸೂಜಿಯೂ ಇಲ್ಲ. ಶ್ರೀಗಂಧದ ಕಾವಲ್ ಕಡೆಯ ಕಾರ್ಖಾನೆ ಕೆಲಸದವರ ಮನೆಯಲ್ಲಿ ಇ.ಎಸ್.ಐ. ಕಾರ್ಡಿದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಹತ್ತಿರ. ಬೇರೆ ಊರಿನವರು ಜಿಲ್ಲಾಸ್ಪತ್ರೆಗೆ ಹೋಗಬಹುದು.

ತೊಂದರೆ ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ನೋವು ಕೊಡುವುದಾದರೆ ಪಿತ್ತಕೋಶವನ್ನೇ ತೆಗೆಯುವುದು ವಾಡಿಕೆ. ಬಾಳೆದಿಂಡಿನ ರಸದಿಂದ ಈ ಕಲ್ಲು ಕರಗುವುದಿಲ್ಲ. ‘ಆಪರೇಷನ್ನೇ?’ ಎಂದು ಗಾಬರಿ ಬೇಡ. 1882ರಲ್ಲಿ ಬರ್ಲಿನ್ನಿನಲ್ಲಿ ಲಾಂಗೆನ್‌ಬುಖ್ ಎಂಬ ವೈದ್ಯರು ಮೊದಲು ಪಿತ್ತಕೋಶ ತೆಗೆದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಉದ್ವಾಡಿಯಾ ಸಣ್ಣ ರಂಧ್ರಗಳ ಮೂಲಕವೇ ಅದನ್ನು ಮಾಡಿದರು. ಈಗ ಹೀಗೆ ಮಾಡಿಸಿಕೊಂಡ ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ಲಿವರ್ ಪಿತ್ತರಸ ತಯಾರಿಸುತ್ತಲೇ ಇರುವುದರಿಂದ ಊಟ ಅರಗುತ್ತದೆ.

ಮನೆಮಂದಿಗೆಲ್ಲ ಬಡಿಸಿ, ನಿಮ್ಮ ನೋವನ್ನು ಮಾತ್ರ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳಬೇಡಿ. ಅದನ್ನೂ ಬಾಯಿಬಿಟ್ಟು ಹೇಳಿ.